ಜಾಗ ಹೇಳುತ್ತಿರಲಿಲ್ಲ, ಸಾರು ಕೊಡುತ್ತಿದ್ದರು

ಅಣಬೆಯ ನೆನಪನ್ನು ಕನ್ನಡದಲ್ಲಿ ಬರೆದವರು ಹೆಚ್ಚಾಗಿ ಮಲೆನಾಡಿನವರು, ಕೊಡಗಿನವರು, ಕರಾವಳಿಯವರು. ಅದು ಸಹಜವೇ. ಅಲ್ಲಿ ಮಳೆಯಿದೆ, ಕಾಡಿದೆ, ಕೊಳೆತ ಎಲೆಯ ಹಾಸಿದೆ. ಚಿತ್ರದುರ್ಗ ಎಂದರೆ ಮಾತ್ರ ಹೊರಗಿನವರಿಗೆ ಕಲ್ಲಿನ ಕೋಟೆ, ಒನಕೆ ಓಬವ್ವ, ಬರಗಾಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆ ನಮ್ಮದು. ಹಿರಿಯೂರಿನ ಕಡೆ ಎಷ್ಟೋ ವರ್ಷ ಅಷ್ಟೂ ಬೀಳುತ್ತಿರಲಿಲ್ಲ. ಆದರೂ ನಮ್ಮ ಬಾಲ್ಯದಲ್ಲಿ ಅಣಬೆ ಇತ್ತು. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಬರುತ್ತಿತ್ತು. ಅದನ್ನು ಹುಡುಕಿಕೊಂಡು ಹೋಗುತ್ತಿದ್ದವರು ನಾನು, ಅಕ್ಕ, ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು, ಸೋದರತ್ತೆಯ ಮಗಳು. ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿದ್ದೇವೆ. ಫೋನಿನಲ್ಲಿ ಮಾತಿಗೆ ಕೂತಾಗ ಮಳೆಯ ಸುದ್ದಿ ಬಂತೆಂದರೆ ಹಿಂದೆಯೇ ಅಣಬೆಯ ಸುದ್ದಿಯೂ ಬರುತ್ತದೆ, ಮಾತು ಅರ್ಧ ಗಂಟೆ ಲಂಬಿಸುತ್ತದೆ. ಅದನ್ನೆಲ್ಲ ಒಂದು ಕಡೆ ಬರೆದಿಡಬೇಕೆಂಬ ಆಸೆ ನನಗೆ ಬಹಳ ಕಾಲದ್ದು.

ನಮ್ಮೂರು ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗೆ. ಊರಿನ ಪಡುವಣಕ್ಕೆ ಕುರುಚಲು ಗುಡ್ಡ, ಗುಡ್ಡದ ಬುಡಕ್ಕೆ ಕಾವಲು, ಕಾವಲಿನ ಆಚೆ ಗೊಲ್ಲರಹಟ್ಟಿ. ಕಾವಲೆಂದರೆ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳು ಹುಲ್ಲು ನೀರು ನೋಡಿಕೊಂಡು ಕಾವಲಿನಿಂದ ಕಾವಲಿಗೆ ಹೋಗುತ್ತಿದ್ದವು. ಪಕ್ಕದ ಅಜ್ಜಂಪುರದಲ್ಲಿ ಆ ತಳಿಯ ಕೇಂದ್ರ ಈಗಲೂ ಇದೆ. ನಮ್ಮ ಕಾಲಕ್ಕೆ ಕಾವಲಿನಲ್ಲಿ ಊರ ದನ, ಹಟ್ಟಿಯ ಕುರಿ ಎಲ್ಲವೂ ಮೇಯುತ್ತಿದ್ದವು. ನೇಗಿಲು ಮುಟ್ಟದ ನೆಲವಾದ್ದರಿಂದ ಹುತ್ತಗಳು ಆಳೆತ್ತರಕ್ಕೆ ಬೆಳೆದಿದ್ದವು. ಕಾರೆ, ಬಂದರೆ, ತಂಗಡಿ ಗಿಡಗಳು, ಅಲ್ಲೊಂದು ಇಲ್ಲೊಂದು ಕಮರದ ಮರ, ಅವುಗಳ ನಡುವೆ ಕೆಂಪು ಹುತ್ತ. ಅಣಬೆ ಇದ್ದದ್ದು ಅಲ್ಲಿ.

ಭರಣಿ, ಕೃತ್ತಿಕೆ ಮಳೆಗಳು ನೆಲದ ಕಾವು ಇಳಿಸುವುದಕ್ಕೇ ಸರಿಹೋಗುತ್ತಿದ್ದವು. ರೋಹಿಣಿಯಲ್ಲಿ ಹದ ಸಿಕ್ಕರೆ ಅಪ್ಪ, ಚಿಕ್ಕಪ್ಪ ಹೊಲದಲ್ಲಿ. ನಮಗೆ ಆಗ ಅಣಬೆಯ ಯೋಚನೆ ಇಲ್ಲ. ಮೃಗಶಿರ ಮುಗಿದು ಆರಿದ್ರ ಕೂಡುವ ಹೊತ್ತಿಗೆ, ಅಂದರೆ ಜೂನ್ 20ರ ಆಚೀಚೆ, ನಮ್ಮ ಕಾಲ ಬರುತ್ತಿತ್ತು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿದ ಬಣ್ಣ ಇನ್ನೂ ಪೂರ್ತಿ ಮಾಸಿರುತ್ತಿರಲಿಲ್ಲ. ಒಂದು ರಾತ್ರಿ ಗುಡುಗು ಸಿಡಿಲಿನ ಮಳೆ ಬಂದು, ಮರುದಿನ ಗಾಳಿಯಿಲ್ಲದೆ ಸೆಕೆ ಹೊಡೆದು, ಅದರ ಮರುದಿನ ಬೆಳಿಗ್ಗೆ ಮೋಡ ಮುಸುಕಿದ್ದರೆ ಅಜ್ಜಿ ಅಂಗಳಕ್ಕೆ ಬಂದು ಮೂಗೆತ್ತಿ ಗಾಳಿ ಹಿಡಿದು, "ಇವತ್ತು ಎದ್ದಿರ್ತಾವೆ ನೋಡ್ರಪ್ಪ" ಅನ್ನುತ್ತಿದ್ದಳು. ಹೆಚ್ಚಿನ ಸಲ ಎದ್ದೇ ಇರುತ್ತಿದ್ದವು.

ಗುಡುಗಿಗೂ ಅಣಬೆಗೂ ನಂಟುಂಟು ಎಂದು ಅಜ್ಜಿ ನಂಬಿದ್ದಳು. ನಂಬಿದ್ದಳೆಂದರೆ ಕಡಿಮೆಯಾದೀತು, ಅದು ಅವಳಿಗೆ ಗೊತ್ತಿತ್ತು. ಗುಡುಗಿದರೆ ನೆಲ ಬಿರಿಯುತ್ತದೆ, ಬಿರಿದಲ್ಲಿ ಅಣಬೆ ಏಳುತ್ತದೆ ಎಂಬುದು ಅವಳ ಲೆಕ್ಕ. ಎಷ್ಟೋ ವರ್ಷಗಳ ಮೇಲೆ ಜಪಾನಿನ ಇವಾಟೆ ವಿಶ್ವವಿದ್ಯಾಲಯದವರ ಕೆಲಸದ ಬಗ್ಗೆ ಓದಿದೆ. ಅಲ್ಲಿಯ ರೈತರಲ್ಲೂ ಸಿಡಿಲು ಬಡಿದಲ್ಲಿ ಅಣಬೆ ಹೆಚ್ಚು ಎಂಬ ಮಾತಿದೆಯಂತೆ. ಅದನ್ನು ಹಿಡಿದುಕೊಂಡು ಸಂಶೋಧಕರು ಅಣಬೆ ಬೆಳೆಯುವ ದಿಮ್ಮಿಗಳಿಗೆ ಕ್ಷಣಮಾತ್ರದ ಜೋರು ವಿದ್ಯುತ್ ಹಾಯಿಸಿ ನೋಡಿದರು, ಕೆಲವು ಜಾತಿಗಳಲ್ಲಿ ಇಳುವರಿ ಹೆಚ್ಚಿತು. ಆ ಸುದ್ದಿ ಓದಿದ ದಿನ ಅಜ್ಜಿ ಇರಬೇಕಿತ್ತು ಅನ್ನಿಸಿತು. ಅವಳಿಗೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಬೆಳಕು ಹರಿಯುವ ಮೊದಲೇ ಹೊರಡಬೇಕು. ತಡವಾದರೆ ಕುರಿಯ ಮಂದೆ ಹಾದುಹೋಗುತ್ತದೆ, ಬಿಸಿಲು ಬಿದ್ದರೆ ಹುಳ ಹತ್ತುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬೇರೆಯವರು ಹೋಗಿಬಿಡುತ್ತಾರೆ. ಅಕ್ಕನ ಕೈಯಲ್ಲಿ ಬಿದಿರು ಪುಟ್ಟಿ, ನಮ್ಮ ಹೆಗಲ ಮೇಲೆ ಅಜ್ಜನ ಹಳೆಯ ಪಂಚೆ. ಕುಡುಗೋಲು, ಗುದ್ದಲಿ ತರುವ ಹಾಗಿರಲಿಲ್ಲ. ಹುತ್ತಕ್ಕೆ ಕಬ್ಬಿಣ ಮುಟ್ಟಿಸಬಾರದು. ಶ್ರಾವಣ ಬಂದರೆ ನಾಗರಚೌತಿಗೆ ಹಾಲೆರೆಯುವುದು ಇದೇ ಹುತ್ತಕ್ಕೆ; ಅದು ನಾಗಪ್ಪನ ಮನೆ, ನಾವು ಹೋಗಿರುವುದು ಅವನ ಅಂಗಳಕ್ಕೆ. ಆದ್ದರಿಂದ ಮೊದಲು ಕೈಮುಗಿಯಬೇಕು, ಆಮೇಲೆ ಕೂರಬೇಕು. ಅಣಬೆ ಕಂಡಾಗ ಬೆರಳು ಚಾಚಿ ತೋರಿಸುವಂತಿಲ್ಲ. ಹೀರೆ, ಪಡವಲದ ಎಳೆಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಅನ್ನುತ್ತಾರಲ್ಲ, ಅದೇ ನಿಯಮ ಇಲ್ಲಿಗೂ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಸೋದರತ್ತೆಯ ಮಗಳು ಚಿಕ್ಕವಳು, ಖುಷಿಗೆ ಮರೆತು ಬೆರಳು ಚಾಚಿಬಿಡುತ್ತಿದ್ದಳು. ಅಕ್ಕ ಥಟ್ಟನೆ ಅವಳ ಕೈ ಹಿಡಿದು ಬೆರಳು ಮಡಚುತ್ತಿದ್ದಳು. ಆ ಭಯಭಕ್ತಿಯಲ್ಲಿ ಒಂದು ಒಳ್ಳೆಯದಿತ್ತು. ಹುತ್ತವನ್ನು ನಾವ್ಯಾರೂ ಕೆಡವುತ್ತಿರಲಿಲ್ಲ, ಮುಂದಿನ ವರ್ಷ ಅದೇ ಹುತ್ತ ಅದೇ ಜಾಗದಲ್ಲಿ ಇರುತ್ತಿತ್ತು.

ಅಣಬೆ ಮೊದಲು ಕಾಣಿಸುವುದು ಅಣಬೆಯಾಗಿ ಅಲ್ಲ. ಹುತ್ತದ ಬುಡದಲ್ಲೋ, ಅದರಿಂದ ನಾಲ್ಕೈದು ಮಾರು ದೂರದ ಬಯಲಿನಲ್ಲೋ ಹಸಿ ಮಣ್ಣು ನಕ್ಷತ್ರದ ಆಕಾರಕ್ಕೆ ಬಿರಿದಿರುತ್ತದೆ. ಬಿರುಕಿನ ನಡುವೆ ಕಂದು ಬಣ್ಣದ ಗಟ್ಟಿ ಮೊನೆಯೊಂದು ಮಣ್ಣನ್ನು ಎತ್ತಿ ಹಿಡಿದಿರುತ್ತದೆ. ಅದು ಮೊಗ್ಗು. ಒಂದು ಕಂಡರೆ ಹೆಜ್ಜೆ ಇಡಬಾರದು, ಅಲ್ಲೇ ಕುಕ್ಕರಗಾಲಲ್ಲಿ ಕೂತು ಸುತ್ತ ನೋಡಬೇಕು. ಒಂದಿದ್ದಲ್ಲಿ ಹತ್ತಿಪ್ಪತ್ತು ಇರುತ್ತವೆ. ಕೀಳುವುದಕ್ಕೂ ಒಂದು ಕೈಚಳಕ ಬೇಕು. ಎರಡು ಬೆರಳಿನಿಂದ ಬುಡದ ಮಣ್ಣು ಸರಿಸಿ, ಕಾಂಡವನ್ನು ಆದಷ್ಟು ಕೆಳಗೆ ಹಿಡಿದು, ಒಂಚೂರು ತಿರುಚಿ ಮೇಲಕ್ಕೆಳೆದರೆ ಉದ್ದನೆಯ ಬೇರು ಸಮೇತ ಬರುತ್ತದೆ. ಅವಸರ ಮಾಡಿದರೆ ಪಟ್ಟನೆ ಮುರಿಯುತ್ತದೆ. ಬೇರು ಗೇಣುದ್ದ, ಕೆಲವೊಮ್ಮೆ ಮೊಳದುದ್ದ. ಮೇಲೆ ಬೆಳ್ಳಗಿದ್ದದ್ದು ಕೆಳಕ್ಕೆ ಹೋದಂತೆ ಮಣ್ಣಿನ ಬಣ್ಣಕ್ಕೆ ತಿರುಗಿ ಸಣ್ಣಗಾಗುತ್ತದೆ. ಯಾರ ಬೇರು ಎಷ್ಟುದ್ದ ಬಂತೆಂದು ಚಿಕ್ಕಪ್ಪನ ಮಕ್ಕಳು ಪಂದ್ಯ ಕಟ್ಟುತ್ತಿದ್ದರು. ಕಿತ್ತ ಅಣಬೆಯನ್ನು ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆಯ ಜೊತೆಗೆ ಹಸಿ ಹಿಟ್ಟಿನ ವಾಸನೆ. ಕೊಡೆಯ ಅಡಿ ನೋಡಿದರೆ ಬಿಳಿ ಪದರಗಳು. ಅರಳಿ ಹಳತಾದ ಮೇಲೆ ಅವು ನಸುಗೆಂಪಿಗೆ ತಿರುಗುತ್ತವೆ. ಪೂರ್ತಿ ಅರಳಿದ್ದನ್ನು ಅಜ್ಜಿ ಬಿಡಿಸುತ್ತಿರಲಿಲ್ಲ. "ಅವು ನಾಳಿಗೆ ಇರ್ಲಿ" ಎನ್ನುತ್ತಿದ್ದಳು. ಆ ನಾಳೆ ಎಂದರೆ ಬರುವ ವರ್ಷ.

ಬೇರು ಅಷ್ಟು ಆಳಕ್ಕೆ ಯಾಕೆ ಹೋಗುತ್ತದೆಂದು ಆಗ ನಮಗೆ ತಿಳಿದಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಬಿಡಿಸಿ ಹೇಳಿದರು, ಅವತ್ತು ನನಗಾದ ಸಂತೋಷ ಇನ್ನೂ ನೆನಪಿದೆ. ಹುತ್ತ ಕಟ್ಟುವ ಗೆದ್ದಲು ಒಣ ಹುಲ್ಲು, ಕಡ್ಡಿ, ಎಲೆಗಳನ್ನು ಜಗಿದು ಒಳಗೆ ಒಯ್ಯುತ್ತದೆ. ಅದನ್ನು ತಾನೇ ಪೂರ್ತಿ ಅರಗಿಸಿಕೊಳ್ಳಲಾರದು. ನೆಲದೊಳಗಿನ ಕೋಣೆಗಳಲ್ಲಿ ಅದರ ಮೇಲೊಂದು ಶಿಲೀಂಧ್ರವನ್ನು ಬೆಳೆಸುತ್ತದೆ. ಶಿಲೀಂಧ್ರ ಆ ನಾರನ್ನು ಕರಗಿಸಿಕೊಡುತ್ತದೆ, ಗೆದ್ದಲು ತಿನ್ನುತ್ತದೆ. ಕಳೆ ಬಾರದ ಹಾಗೆ, ತೇವ ಆರದ ಹಾಗೆ, ಸೆಕೆ ಹೆಚ್ಚದ ಹಾಗೆ ಗೆದ್ದಲುಗಳು ಆ ತೋಟವನ್ನು ನೋಡಿಕೊಳ್ಳುತ್ತವೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಶುರುವಾದ ಬೇಸಾಯ ಇದು, ಮನುಷ್ಯನ ಬೇಸಾಯ ಇದರ ಮುಂದೆ ನಿನ್ನೆ ಮೊನ್ನೆಯದು. ಮಳೆ ಬಿದ್ದಾಗ ಆ ಶಿಲೀಂಧ್ರ ಕೋಣೆಯಿಂದ ಬೇರು ಎಬ್ಬಿಸಿಕೊಂಡು ನೆಲದ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ನಾವು ಕಿತ್ತು ತರುತ್ತಿದ್ದದ್ದು ಅದನ್ನು. 1942ರಲ್ಲಿ ಫ್ರಾನ್ಸಿನ ರೋಜೆ ಏಮ್ ಎಂಬ ವಿಜ್ಞಾನಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದಲ್ಲಿ ಸಿಗುವ ಒಂದು ಜಾತಿಗೆ ಅವರ ಹೆಸರಿನಿಂದಲೇ ಹೈಮಿ ಎಂದಿದೆ. ಮೇಷ್ಟ್ರು ಇನ್ನೊಂದು ಮಾತು ಹೇಳಿದರು: ಬಟನ್ ಅಣಬೆ, ಚಿಪ್ಪಣಬೆ ಬೆಳೆಸಿದ ಹಾಗೆ ಇದನ್ನು ಶೆಡ್ಡಿನಲ್ಲಿ ಬೆಳೆಸಿ ಮಾರುವುದು ಯಾರಿಗೂ ಆಗಿಲ್ಲ. ಗೆದ್ದಲಿಲ್ಲದೆ ಅದು ಬರದು. ಮಳೆ ಕಡಿಮೆಯಾದ ನಮ್ಮ ಸೀಮೆಗೂ ಅಣಬೆ ದಕ್ಕಿದ್ದು ಹೇಗೆಂಬುದು ನನಗೆ ಅರ್ಥವಾಗಿದ್ದೂ ಅವತ್ತೇ. ಮೇಲೆ ನೆಲ ಕಾದಿದ್ದರೂ ಹುತ್ತದೊಳಗಿನ ತೇವವನ್ನು ಗೆದ್ದಲುಗಳು ಕಾಪಾಡಿಕೊಂಡಿರುತ್ತವೆ. ಮೇಲಿಂದ ಎರಡು ಹದ ಮಳೆ ಸಿಕ್ಕರೆ ಸಾಕು.

ಇಷ್ಟೆಲ್ಲ ಹೇಳಿದೆ, ಆದರೆ ನಮ್ಮೂರ ಅಣಬೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಅದರ ಸುತ್ತ ಇದ್ದ ನಡವಳಿಕೆ. ಯಾರ ಅಣಬೆ ಎಲ್ಲಿ ಏಳುತ್ತದೆಂಬುದು ಆಯಾ ಮನೆಯ ಗುಟ್ಟು. ತಾಯಿ ಮಗಳಿಗೆ ಹೇಳಿಯಾಳು, ಅತ್ತೆ ಸೊಸೆಗೆ ಹೇಳಲು ಎರಡು ಮೂರು ಮಳೆಗಾಲ ಹಿಡಿಯುತ್ತಿತ್ತು. ಬೇಲಿ ಪಕ್ಕದ ಮನೆಯವರಿಗೆ ಹೇಳುವ ಮಾತೇ ಇಲ್ಲ. ಪುಟ್ಟಿ ತುಂಬಿಸಿಕೊಂಡು ಬರುವಾಗ ದಾರಿಯಲ್ಲಿ ಯಾರಾದರೂ ಎದುರಾಗಿ "ಎಲ್ಲಿ ಸಿಕ್ಕಿದ್ವವ್ವಾ?" ಎಂದರೆ "ಅಲ್ಲೇ, ಮೇಲ್ಗಡೆ" ಎಂಬುದು ಉತ್ತರ. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ. ಊರಿಗೆ ಬರುವ ಮುಂಚೆ ದಾರಿ ಬಳಸಿ ಕೆರೆ ಏರಿಯ ಮೇಲಿಂದ ಬರುವುದು, ಸಿಕ್ಕ ಜಾಗದಲ್ಲಿ ಮಣ್ಣು ಮುಚ್ಚಿ ಒಣ ಹುಲ್ಲು ಹರಡುವುದು, ಇವೆಲ್ಲ ನಾವು ಹಿರಿಯರಿಂದ ಕಲಿತದ್ದು.

ಹೀಗೆ ಜಾಗ ಬಚ್ಚಿಟ್ಟವರೇ ಮಧ್ಯಾಹ್ನಕ್ಕೆ ಸಾರನ್ನು ಕೇರಿಗೆಲ್ಲ ಕೊಡುತ್ತಿದ್ದರು. ಅಣಬೆ ಇಟ್ಟುಕೊಳ್ಳುವ ಪದಾರ್ಥವಲ್ಲ. ಬೆಳಿಗ್ಗೆ ಕಿತ್ತದ್ದು ಸಂಜೆಗೆ ಕಪ್ಪಾಗುತ್ತದೆ. ಆದರೆ ಕೆಡುತ್ತದೆಂದು ಮಾತ್ರ ಕೊಡುತ್ತಿದ್ದರೆನ್ನಲಾರೆ. ಬಸುರಿ ಹೆಂಗಸು ಇದ್ದ ಮನೆಗೆ, ಜ್ವರದಿಂದ ಎದ್ದವರ ಮನೆಗೆ, ಗುಡ್ಡ ಹತ್ತಲಾರದ ಮುದುಕರ ಮನೆಗೆ ಮೊದಲ ಬಟ್ಟಲು. "ನಿಮ್ಮ ಮನೆಗೆ ಸಿಗಲಿಲ್ವಂತೆ" ಎಂದು ಹೇಳಿ ಕೊಡುತ್ತಿದ್ದರು. ಮುಂದಿನ ಮಳೆಗೆ ಅವರಿಗೆ ಸಿಕ್ಕಾಗ ಆ ಬಟ್ಟಲು ತುಂಬಿಕೊಂಡೇ ವಾಪಸು ಬರುತ್ತಿತ್ತು. ಅಣಬೆ ತಿನ್ನದ ಮನೆಗಳೂ ಊರಲ್ಲಿದ್ದವು. ನಮ್ಮ ದೊಡ್ಡಮ್ಮನ ಮನೆಯಲ್ಲಿ ಅದನ್ನು ಒಳಗೆ ತರುವ ಹಾಗಿರಲಿಲ್ಲ. ಆದರೆ ದೊಡ್ಡಪ್ಪನಿಗೆ ಆಸೆ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಬೇರೆಯೇ ಒಂದು ಮಣ್ಣಿನ ಮಡಕೆಯಲ್ಲಿ ನಾವೇ ಬೇಯಿಸಿ ಕೊಟ್ಟರೆ ಅವರು ಕಣದ ಹತ್ತಿರ ಕೂತು ಊಟ ಮಾಡುತ್ತಿದ್ದರು. ದೊಡ್ಡಮ್ಮನೇ ಒಳಗಿನಿಂದ ಮುದ್ದೆ ತಂದು ಎಲೆಗೆ ಹಾಕುತ್ತಿದ್ದರು. ಆ ಇಬ್ಬರ ನಡುವೆ ಆ ವಿಷಯಕ್ಕೆ ಒಂದು ಮಾತೂ ಬಂದದ್ದನ್ನು ನಾನು ಕಾಣೆ.

ಅಡುಗೆಯ ವಿಷಯ ನಿಧಾನಕ್ಕೆ ಹೇಳಬೇಕು. ಬೇರಿನ ಮಣ್ಣನ್ನು ಚಾಕುವಿನ ಬೆನ್ನಿನಿಂದ ಹೆರೆದು, ಉಪ್ಪು ಅರಿಶಿನದ ನೀರಿನಲ್ಲಿ ಅದ್ದಿ ತೆಗೆಯುವುದು. ಬಹಳ ಹೊತ್ತು ನೆನೆಸಿದರೆ ರುಚಿಯೆಲ್ಲ ನೀರಿಗೆ. ಹೆಚ್ಚುವಂತಿಲ್ಲ, ಕೈಯಲ್ಲೇ ಉದ್ದುದ್ದ ಸಿಗಿಯಬೇಕು. ಕಾಂಡ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯಾ, ಒಂದೆರಡು ಲವಂಗ, ಚಕ್ಕೆ ಎಲ್ಲವನ್ನೂ ಕೆಂಡದ ಮೇಲೆ ಹುರಿದು ಒರಳಿನಲ್ಲಿ ರುಬ್ಬುವುದು. ಇಲ್ಲಿಯವರೆಗೆ ಜಗಳವಿಲ್ಲ. ಇದಕ್ಕೆ ಏನು ಸೇರಿಸಿ ಸಾರು ಗಟ್ಟಿ ಮಾಡಬೇಕೆಂಬಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷ. ಹೊಸದುರ್ಗ ತೆಂಗಿನ ಸೀಮೆ. ಅಜ್ಜಿ ಕೊಬ್ಬರಿ, ಗಸಗಸೆ ಹಾಕುತ್ತಿದ್ದಳು. ಅಮ್ಮನ ತವರು ಹಿರಿಯೂರಿನ ಕಡೆ, ಕಾಲುವೆ ನೀರು ತಲುಪದ ಎರೆಹೊಲದ ಊರು. ಅಲ್ಲಿಯ ಅಜ್ಜಿ ಹುಚ್ಚೆಳ್ಳು ಹುರಿದು ಪುಡಿ ಮಾಡಿ ಹಾಕುತ್ತಿದ್ದಳು. ಕೊಬ್ಬರಿ ಹಾಕಿದರೆ ಅಣಬೆಯ ರುಚಿ ಮುಚ್ಚಿಹೋಗುತ್ತದೆ ಎಂದು ಅವಳು, ಹುಚ್ಚೆಳ್ಳಿನ ಕಹಿಗೆ ಅಣಬೆ ಸೋಲುತ್ತದೆ ಎಂದು ಇವಳು. ಅಮ್ಮ ಎರಡೂ ಮನೆಯವಳು, ಬಾಯಿ ಬಿಡುತ್ತಿರಲಿಲ್ಲ. ಬಿಸಿ ರಾಗಿಮುದ್ದೆ ಮುರಿದು ಸಾರಿನಲ್ಲಿ ಅದ್ದಿದರೆ ನಮಗೆ ಎರಡೂ ಸರಿ.

ಹಿರಿಯೂರಜ್ಜಿಯ ಊರಲ್ಲಿ ಮುಂಗಾರು ನಂಬುವ ಹಾಗಿರಲಿಲ್ಲ. ಅಲ್ಲಿಗೆ ನಿಜವಾದ ಮಳೆ ಬರುತ್ತಿದ್ದದ್ದು ಉತ್ತರೆ, ಹಸ್ತೆ, ಚಿತ್ತೆಯಲ್ಲಿ, ಸೆಪ್ಟೆಂಬರ್ ಅಕ್ಟೋಬರಿನ ಹೊತ್ತಿಗೆ. ದಸರಾ ರಜೆಗೆ ಹೋದಾಗ ಅಣಬೆ ಸಿಕ್ಕರೆ ಸಿಕ್ಕಿತು. ಅಲ್ಲಿ ನಮಗೆ ಗುರುವಾಗಿದ್ದವರು ಕಾಡುಗೊಲ್ಲರ ಹಟ್ಟಿಯ ಒಬ್ಬ ತಾತ. ಕುರಿ ಹಿಂದೆ ದಿನವಿಡೀ ನಡೆಯುವವರಿಗೆ ನೆಲದ ಮೇಲಿನ ಯಾವ ಬದಲಾವಣೆಯೂ ತಪ್ಪುವುದಿಲ್ಲ. ಅವರು ಹೆಗಲ ಮೇಲಿನ ಕಂಬಳಿಯ ಗೊಪ್ಪೆ ಸರಿಸಿ, "ಮಕ್ಳಾ, ನಾಳೆ ಮೂಡ್ಲ ಕಡೆ ಹೋಗ್ರಪ್ಪ" ಎಂದಿಷ್ಟು ಹೇಳಿ ಮುಂದೆ ಹೋಗುತ್ತಿದ್ದರು. ದಿಕ್ಕು ಹೇಳುತ್ತಿದ್ದರು, ಜಾಗ ಹೇಳುತ್ತಿರಲಿಲ್ಲ. ಅಲ್ಲಿ ಸಿಗುತ್ತಿದ್ದದ್ದು ಬೇರೆ ಅಣಬೆ: ಅಕ್ಕಿ ಅಣಬೆ. ಬಿಳಿ, ಉಗುರಿನಗಲದ ಕೊಡೆ, ಉದ್ದ ಬೇರಿಲ್ಲ. ಗೆದ್ದಲುಗಳು ತಮ್ಮ ತೋಟದ ಚೂರುಗಳನ್ನು ಹೊರಗೆ ತಂದು ನೆಲದ ಮೇಲೆ ಹರಡಿದಲ್ಲಿ ಇವು ನೂರುಗಟ್ಟಲೆ ಒಟ್ಟಿಗೆ ಏಳುತ್ತವೆ. ಬೆಳಗಿನ ಮಂದ ಬೆಳಕಿನಲ್ಲಿ ಕೆಂಪು ನೆಲದ ಮೇಲೆ ಯಾರೋ ಮದುವೆ ಮನೆಯವರು ಅಕ್ಕಿಯ ಚೀಲ ಚೆಲ್ಲಿಹೋದ ಹಾಗೆ ಕಾಣುತ್ತಿತ್ತು. ಒಂದೊಂದೇ ಕೀಳುವ ಮಾತಿಲ್ಲ, ಬೆರಳು ಹರಡಿ ಗೋರಿ ಗೋರಿ ಪಂಚೆಗೆ ತುಂಬುವುದು. ಮಣ್ಣು ಬಿಡಿಸುವ ಕೆಲಸ ಮಾತ್ರ ಬೆನ್ನು ಮುರಿಯುವಂಥದ್ದು. ಹಿರಿಯೂರಜ್ಜಿ, ಅತ್ತೆಯರು, ನಾವು ಎಲ್ಲ ಜಗಲಿಯ ಮೇಲೆ ಸುತ್ತ ಕೂತು, ಮಧ್ಯೆ ಮೊರ ಇಟ್ಟುಕೊಂಡು, ಕಥೆ ಹೇಳುತ್ತ ಕೇಳುತ್ತ ಮಾಡುತ್ತಿದ್ದೆವು. ಮಾರಿಕಣಿವೆಯ ಅಣೆಕಟ್ಟೆ ಕಟ್ಟಿದ ಕಾಲದ ಕಥೆ ನಾನು ಕೇಳಿದ್ದು ಆ ಮೊರದ ಸುತ್ತಲೇ. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಆ ಕಟ್ಟೆಗೆ ಕೂಲಿ ಮಾಡಿದವರ ಮೊಮ್ಮಕ್ಕಳು ಆ ಜಗಲಿಯ ಮೇಲಿದ್ದರು. ವೇದಾವತಿ ತುಂಬಿ ಕಟ್ಟೆ ಕೋಡಿ ಬಿದ್ದದ್ದು 1933ರಲ್ಲಿ ಒಂದೇ ಸಲ, ಆ ವರ್ಷ ಅಣಬೆಯೂ ಅಷ್ಟೇ ಎದ್ದಿದ್ದವು ಎಂದು ಹಿರಿಯೂರಜ್ಜಿ ಹೇಳುತ್ತಿದ್ದಳು. ಅವಳು ಆಗ ಸಣ್ಣ ಹುಡುಗಿ.

ಹೈಸ್ಕೂಲು ಮುಗಿಸಿ ನಾನು ದುರ್ಗದಲ್ಲಿ ಹಾಸ್ಟೆಲ್ ಸೇರಿದೆ. ಜೋಗಿಮಟ್ಟಿಯ ಬೆಟ್ಟಸಾಲು ಕಣ್ಣೆದುರಿಗೇ ಇತ್ತು. ಮಳೆ ಬಂದ ಮರುದಿನ ಸಂತೆಯ ಒಂದು ಮೂಲೆಯಲ್ಲಿ ಮುದುಕಿಯೊಬ್ಬಳು ಮುತ್ತುಗದ ಎಲೆಯ ಮೇಲೆ ಅಣಬೆಯ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದಳು. ತಕ್ಕಡಿಯಿಲ್ಲ, ಗುಡ್ಡೆಗಿಷ್ಟು ಅಂತ. ಹಾಸ್ಟೆಲಿನಲ್ಲಿ ಬೇಯಿಸುವ ಅನುಕೂಲವಿರಲಿಲ್ಲ, ಕೊಳ್ಳುವ ಹಣವೂ ಇರಲಿಲ್ಲ. ಸುಮ್ಮನೆ ಹೋಗಿ ಪಕ್ಕದಲ್ಲಿ ನಿಂತು ಮಾತಾಡಿಸುತ್ತಿದ್ದೆ. "ಯಾವ ಕಡೇವು ಅಜ್ಜಿ?" ಎಂದರೆ ಅವಳೂ "ಅಲ್ಲೇ, ಮೇಲ್ಗಡೆ" ಎನ್ನುತ್ತಿದ್ದಳು. ಊರು ಬಿಟ್ಟು ಬಂದ ಹುಡುಗನಿಗೆ ಆ ಎರಡು ಮಾತು ಎಷ್ಟು ಹಿತವಾಗುತ್ತಿತ್ತೆಂದು ಹೇಗೆ ಹೇಳಲಿ.

ಇದನ್ನು ಓದಿ ಯಾರಾದರೂ ಮಳೆ ಬಿದ್ದ ಮೇಲೆ ಪುಟ್ಟಿ ಹಿಡಿದು ಹೊರಟಾರು ಎಂಬ ಭಯ ನನಗಿದೆ, ಆದ್ದರಿಂದ ಇದೊಂದು ಮಾತು. ಬಿಳಿಯದೆಲ್ಲ ತಿನ್ನುವ ಅಣಬೆಯಲ್ಲ. ಬುಡದಲ್ಲಿ ಮೊಟ್ಟೆಯ ಸಿಪ್ಪೆಯಂಥ ಚೀಲ ಉಳ್ಳ ಕೆಲವು ಜಾತಿಗಳು ಯಕೃತ್ತನ್ನೇ ತಿಂದುಹಾಕುವ ವಿಷ ಹೊತ್ತಿರುತ್ತವೆ. ತಿಂದ ಆರು ಗಂಟೆ, ಹನ್ನೆರಡು ಗಂಟೆ, ಇನ್ನೂ ಹೆಚ್ಚು ಹೊತ್ತು ಏನೂ ಗೊತ್ತಾಗುವುದಿಲ್ಲ. ವಾಂತಿ ಭೇದಿ ಶುರುವಾಗುವ ಹೊತ್ತಿಗೆ ವಿಷ ತನ್ನ ಕೆಲಸ ಮಾಡಿರುತ್ತದೆ. ಬೆಳ್ಳಿ ನಾಣ್ಯ ಹಾಕಿ ಕಪ್ಪಾಗುತ್ತದೋ ನೋಡುವುದು, ಬೆಳ್ಳುಳ್ಳಿ, ಅಕ್ಕಿಯ ಬಣ್ಣ ನೋಡುವುದು, ಇವು ಯಾವುದನ್ನೂ ನಂಬಬಾರದು, ಬೇಯಿಸಿದರೂ ಆ ವಿಷ ಹೋಗದು. ನಮ್ಮ ಅಜ್ಜಿಯ ನಿಯಮ ಕಟ್ಟುನಿಟ್ಟು: ಅವಳು ಕಂಡ ಹುತ್ತದ್ದೇ ಆಗಬೇಕು, ಬೇರು ಹುತ್ತಕ್ಕೆ ಇಳಿದಿರಬೇಕು, ತಂದ ಒಂದೊಂದನ್ನೂ ಅವಳು ತಿರುಗಿಸಿ ನೋಡಬೇಕು. ಒಂದರ ಮೇಲೆ ಅನುಮಾನ ಬಂದರೆ ಇಡೀ ಪುಟ್ಟಿ ತಿಪ್ಪೆಗೆ. ಬೆಳಗಿನ ಜಾವ ಎದ್ದು ನಡೆದ ಮಕ್ಕಳ ಮುಖ ನೋಡಿ ಕರಗುವವಳಲ್ಲ ಅವಳು. ಅಂಥವರ ಕೈಕೆಳಗೆ ಕಲಿಯದವರು ಕಾಡಿನ ಅಣಬೆಗೆ ಕೈ ಹಾಕದಿರುವುದೇ ಒಳ್ಳೆಯದು.

ಹುತ್ತಗಳು ಯಾವಾಗ ಕಡಿಮೆಯಾದವೆಂದು ಒಂದು ವರ್ಷ ಹೆಸರಿಸಿ ಹೇಳಲಾರೆ. ಮೊದಲು ಬೋರ್‌ವೆಲ್ ಬಂತು, ಹಿಂದೆಯೇ ಅಡಿಕೆ ಬಂತು. ಹಿರಿಯೂರು, ಹೊಸದುರ್ಗದ ಕೆಂಪು ನೆಲಕ್ಕೆ ದಾಳಿಂಬೆ ಬಂತು. ಗುಡ್ಡದ ಬುಡದ ಒಣಹೊಲಗಳನ್ನು ಜೆಸಿಬಿಯಲ್ಲಿ ಮಟ್ಟ ಮಾಡಿದರು. ತೆಂಗು ಅಡಿಕೆ ಸಸಿಯ ಬುಡಕ್ಕೆ ಗೆದ್ದಲು ಹತ್ತಬಾರದೆಂದು ಕ್ಲೋರೋಪೈರಿಫಾಸ್ ಸುರಿದರು. ಗೆದ್ದಲು ಹೋಯಿತು, ಜೊತೆಗೆ ಅದರ ತೋಟ. ಚಳ್ಳಕೆರೆಯ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ಸಂಸ್ಥೆಗಳಿಗೆ ಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಕಡೆಯ ಸಣ್ಣ ಕಾವಲುಗಳು ಸದ್ದಿಲ್ಲದೆ ಕಿರಿದಾದವು. ನಮ್ಮ ಚಿಕ್ಕಪ್ಪನ ಹಿರಿಯ ಮಗನೇ ನಮ್ಮ ಗುಟ್ಟಿನ ಜಾಗಗಳಲ್ಲಿ ಎರಡನ್ನು ಮಟ್ಟ ಮಾಡಿ ಅಡಿಕೆ ಇಟ್ಟ. ಅವನನ್ನು ನಾನು ದೂರುವುದಿಲ್ಲ. ಶೇಂಗಾ ಹಾಕಿ ಮಳೆಗೆ ಮುಖ ಮಾಡಿ ಕೂತ ವರ್ಷಗಳನ್ನು ಅವನಷ್ಟು ನಾನು ಉಂಡಿಲ್ಲ. ಅವನ ಮಕ್ಕಳು ಓದಿದ್ದು ಆ ಅಡಿಕೆಯಿಂದ. ಆದರೆ ತೋಟದ ಅಂಚಿನ ಒಂದು ಹುತ್ತವನ್ನು ಅವನು ಉಳಿಸಿಕೊಂಡಿದ್ದಾನೆ, ಅಲ್ಲಿಗೆ ಔಷಧಿ ಹೊಡೆಯುವವರನ್ನು ಬಿಡುವುದಿಲ್ಲ. ಉಳಿದಿರುವ ಗುಡ್ಡ, ಕಾವಲುಗಳಿಗೂ ಇಷ್ಟು ಕಾಳಜಿ ಸಿಕ್ಕಿದರೆ ಸಾಕೆಂಬುದು ನನ್ನ ಆಸೆ. ಒಂದು ಹುತ್ತ ಬೆಳೆದು ಅಣಬೆ ಕೊಡುವ ಮಟ್ಟಕ್ಕೆ ಬರಲು ವರ್ಷಗಳೇ ಬೇಕು, ಕೆಡವಲು ಜೆಸಿಬಿಗೆ ಒಂದು ಗಳಿಗೆ.

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 89 ವರ್ಷಗಳ ಮೇಲೆ 130 ಅಡಿ ತುಂಬಿ ನೀರು ಹೊರಗೆ ಹರಿಯಿತು. ಜಿಲ್ಲೆಯ ಜನ ಜಾತ್ರೆಗೆ ಬಂದ ಹಾಗೆ ಬಂದರು ಎನ್ನುವುದಕ್ಕಿಂತ, ಅದು ಜಾತ್ರೆಯೇ ಆಗಿತ್ತು. ನಾವೂ ಒಬ್ಬೊಬ್ಬರು ಒಂದೊಂದು ಊರಿಂದ ಬಂದು ಹಿರಿಯೂರಿನ ಮಾವನ ಮನೆಯಲ್ಲಿ ಸೇರಿದೆವು. 1933ರ ಕೋಡಿ ಕಂಡಿದ್ದ ಅಜ್ಜಿ ಇರಲಿಲ್ಲ. ಕೋಡಿ ನೋಡಿ ಬಂದ ರಾತ್ರಿಯೂ ಮಳೆ, ಗುಡುಗು. ಬೆಳಿಗ್ಗೆ ಐದಕ್ಕೆ ಅಕ್ಕ ಎಲ್ಲರನ್ನೂ ಎಬ್ಬಿಸಿದಳು, ಅವಳಿಗೆ ಅರವತ್ತು ದಾಟಿದೆ, ಮಂಡಿ ನೋವಿದೆ. ಮಾವನ ಮಗ ನಮ್ಮನ್ನು ಹಳೆಯ ಹಟ್ಟಿಯ ಹಿಂದಿನ ಬೀಳಿಗೆ ಕರೆದುಕೊಂಡು ಹೋದ. ಅಲ್ಲಿ ಹುತ್ತ ಇತ್ತು, ಹುತ್ತದ ಸುತ್ತ ನೆಲ ಬಿರಿದಿತ್ತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅಕ್ಕನ ಮೊಮ್ಮಗಳು "ಅಜ್ಜಿ, ಅಲ್ಲಿ!" ಎಂದು ಬೆರಳು ಚಾಚಿದಳು. ಅಕ್ಕ ಥಟ್ಟನೆ ಅವಳ ಬೆರಳು ಮಡಚಿದಳು. ಸೋದರತ್ತೆಯ ಮಗಳೂ ಅಲ್ಲೇ ಇದ್ದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ವಾಪಸು ಬರುವಾಗ ಹಾಲಿನ ಡೈರಿಯ ಹತ್ತಿರ ಒಬ್ಬರು ಪುಟ್ಟಿ ಇಣುಕಿ ನೋಡಿ ಎಲ್ಲಿಯವೆಂದು ಕೇಳಿದರು. ಮಾವನ ಮಗ ನಿಲ್ಲದೆಯೇ "ಅಲ್ಲೇ ಅಣ್ಣ, ಮೇಲ್ಗಡೆ" ಎಂದ. ಮಧ್ಯಾಹ್ನ ಅವರ ಮನೆಗೆ ಒಂದು ಬಟ್ಟಲು ಹೋಯಿತು.

ಅಡುಗೆಮನೆಯಲ್ಲಿ ಎರಡು ಪಾತ್ರೆ ಇಟ್ಟರು. ಅಕ್ಕ ಬರುವಾಗಲೇ ಹೊಸದುರ್ಗದ ಕೊಬ್ಬರಿ ಕಟ್ಟಿಕೊಂಡು ಬಂದಿದ್ದಳು. ಅತ್ತೆ ಹುಚ್ಚೆಳ್ಳು ಹುರಿಯುತ್ತಿದ್ದ ವಾಸನೆ ಬೀದಿಯವರೆಗೆ ಬರುತ್ತಿತ್ತು. ಅಮ್ಮ ಮೊದಲಿನ ಹಾಗೆಯೇ ಬಾಯಿ ಬಿಡದೆ ಕೂತಿದ್ದಳು. ಎಂಬತ್ತು ದಾಟಿದ ಅವಳನ್ನು ಮೊಮ್ಮಕ್ಕಳೆಲ್ಲ ಸುತ್ತುವರಿದು, ಯಾವುದು ರುಚಿ ಇವತ್ತಾದರೂ ಹೇಳಲೇಬೇಕು ಎಂದು ಪೀಡಿಸಿದರು. ಅವಳು ಎರಡರಲ್ಲೂ ಒಂದೊಂದು ತುತ್ತು ಅದ್ದಿ ತಿಂದು, ಇನ್ನೊಂದು ಮುದ್ದೆ ಹಾಕಿಸಿಕೊಂಡು, ಮತ್ತೆ ಎರಡರಲ್ಲೂ ಅದ್ದಿದಳು. ಹುಚ್ಚೆಳ್ಳಿನ ಪಾತ್ರೆ ಮೊದಲು ಖಾಲಿಯಾಯಿತೆಂದು ಅತ್ತೆ ಈಗಲೂ ಫೋನಿನಲ್ಲಿ ನೆನಪಿಸುತ್ತಾರೆ. ಅದು ಚಿಕ್ಕ ಪಾತ್ರೆಯಾಗಿತ್ತು, ಮುಂದಿನ ಸಲ ಎರಡೂ ಒಂದೇ ಅಳತೆಯವು ಇಡಬೇಕು ಎಂಬುದು ಅಕ್ಕನ ವಾದ.